ಮಂಗನ ದೆಸೆಯಿಂದ ಎರಡು ಒಲೆ

ನಮ್ಮ ಮನೆಯಲ್ಲಿ ಎರಡು ಒಲೆಗಳು ಉರಿಯತೊಡಗಿದ್ದು ಮಂಗನ ದೆಸೆಯಿಂದ. ಶಹಾಪುರದ ಗುಡ್ಡದ ಬುಡದಲ್ಲಿ ನಮ್ಮದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಹಗಲಿನಲ್ಲೂ ತಡವರಿಸಿ ನಡೆಯಬೇಕಾದ ನಡುಮನೆ, ಅದರಾಚೆ ಅಡುಗೆಮನೆ. ಅಡುಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ. ಮಧ್ಯಾಹ್ನ ಗುಡ್ಡದಿಂದ ಇಳಿದ ಮಂಗಗಳು ಆ ಕಿಂಡಿಗೆ ಮುಖವಿಟ್ಟು, ಅವ್ವ ರೊಟ್ಟಿ ಬಡಿಯುವುದನ್ನು ಊಟಕ್ಕೆ ಕರೆದ ನೆಂಟರ ಹಾಗೆ ನೋಡುತ್ತ ಕೂಡುತ್ತಿದ್ದವು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಒಂದು ದಿನ ಒಂಬತ್ತನೆಯ ತರಗತಿಗೆ, ಜೀವಿಗಳು ಲಕ್ಷಾಂತರ ವರ್ಷಗಳಲ್ಲಿ ಹೇಗೆ ಬದಲಾಗುತ್ತ ಬಂದವು ಎಂಬ ಪಾಠ ಮಾಡಿದ. ಮೀನು, ಹಲ್ಲಿ, ಹಕ್ಕಿ ಎಲ್ಲವನ್ನೂ ಹೇಳಿದ್ದ. ಹುಡುಗರು ಮನೆಗೆ ಹೊತ್ತುಕೊಂಡು ಹೋದದ್ದು ಮಂಗನನ್ನು ಮಾತ್ರ. ಸಂಜೆಯೊಳಗೆ ಆ ಮಾತು ಮಠದ ಕಟ್ಟೆಗೆ ಬಂದು, ಅಲ್ಲಿಂದ ನಮ್ಮ ಆಯಿಯ ಕಿವಿಗೆ ಬಿತ್ತು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಆಗಷ್ಟೇ ಸ್ನಾನ ಮುಗಿಸಿ ಬರಿಮೈಯಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತಿದ್ದ.

"ಏ ಚನ್ನಪ್ಪ, ನಿಮ್ಮಪ್ಪ ಮಂಗ ಏನೋ?"

"ಹಂಗಂದಿಲ್ಲ ಯವ್ವಾ. ಭಾಳ ಹಿಂದ, ಲೆಕ್ಕಕ್ಕ ಸಿಗದಷ್ಟು ಹಿಂದ, ಮಂಗಗೂ ಮನಿಷ್ಯಾಗೂ ಒಬ್ಬನೇ ಮುತ್ಯಾ ಇದ್ದ. ಆಮ್ಯಾಲ ಮನಿ ಬ್ಯಾರೆ ಆದ್ವು. ಅಷ್ಟ."

"ಹಂಗಾದ್ರ ಮಂಗ ನಿನಗ ಕಾಕಾ ಆಗಬೇಕು."

"ಕಾಕಾ ಅಂದ್ರೂ ನಡೀತದ."

"ಮತ್ತ ನನಗೇನಾಗಬೇಕೋ?"

ಅಪ್ಪ ಟವೆಲು ಹೆಗಲಿಗೆ ಹಾಕಿ, ಕ್ಲಾಸಿನಲ್ಲಿ ಯೋಚಿಸುವ ಹಾಗೆ ಯೋಚಿಸಿದ. "ನಿನಗ ಮೈದುನ ಆಗ್ತಾನ ನೋಡು."

ಒಳಗಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಯಿಯೂ ನಕ್ಕುಬಿಡುತ್ತಿದ್ದಳೇನೋ. ಆದರೆ ಆ ಹೊತ್ತಿಗೆ ಆಕೆಯ ಕಣ್ಣು ಅಪ್ಪನ ಎದೆಯ ಮೇಲೆ ಬಿತ್ತು. ನಮ್ಮ ಮನೆತನದಲ್ಲಿ ಹುಟ್ಟಿದವರಿಗೆಲ್ಲ ಇಷ್ಟಲಿಂಗ ಕಟ್ಟುತ್ತಾರೆ. ಅದನ್ನು ಮೈಯಿಂದ ಅಗಲಿಸುವಂತಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು ನೀರೆರೆದು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವಂತಿಲ್ಲ. ಅಪ್ಪ ಗುಲಬರ್ಗಾದಲ್ಲಿ ಕಾಲೇಜು ಓದುವಾಗಲೇ ಲಿಂಗ ತೆಗೆದಿಟ್ಟಿದ್ದ. ಅಂಗಿಯ ಕೆಳಗೆ ಲಿಂಗವಿಲ್ಲವೆಂಬುದು ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಕಿಂಡಿಯ ಮಂಗಗಳಿಗೂ ಗೊತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಆಯಿಗೆ ಮಾತ್ರ ಗೊತ್ತಿರಲಿಲ್ಲ. ಆಕೆ ಹತ್ತಿರ ಬಂದು ಅಪ್ಪನ ಎದೆಯ ಮೇಲೆ ಕೈಯಾಡಿಸಿದಳು. ಕೊರಳು ಮುಟ್ಟಿ ನೋಡಿದಳು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತನ್ನದೇ ಒಲೆ ಹಚ್ಚಿದ್ದಳು.

"ಲಿಂಗ ಇಲ್ಲದಾಂವ ಯಜಮಾನ ಇರೋ ಒಲಿ ಮ್ಯಾಲಿನ ನೀರೂ ನಾ ಕುಡಿಯಂಗಿಲ್ಲ," ಎಂದಳು.

"ಆತು ಬಿಡ್ರಿ," ಎಂದಳು ಅವ್ವ. "ನಿಮ್ಮ ದೇವರೂ ಇವರ ಮಂಗನೂ ಕೂಡಿ ನನ್ನ ಕಟ್ಟಿಗಿ ದುಪ್ಪಟ್ಟು ಮಾಡಿದ್ರು."

ಎರಡು ಒಲೆಗಳಿಂದ ಲಾಭವಾದದ್ದು ನನಗೊಬ್ಬಳಿಗೆ. ನನಗಾಗ ಹತ್ತು ವರ್ಷ. ನನ್ನ ಕೊರಳಲ್ಲಿ ಲಿಂಗವಿತ್ತು, ತಲೆಯಲ್ಲಿ ಅಪ್ಪನ ಪಾಠವಿತ್ತು. ಹಾಗಾಗಿ ಎರಡೂ ಕಡೆ ನನಗೆ ತಟ್ಟೆ. ಆಯಿಯ ಒಲೆಯಲ್ಲಿ ಪುಂಡಿಪಲ್ಯ, ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೆ ಕುಸುಬಿ ಎಣ್ಣೆ. ಅವ್ವನ ಒಲೆಯಲ್ಲಿ ಅನ್ನ, ಬೇಳೆಸಾರು, ವಾರಕ್ಕೊಮ್ಮೆ ಕರಿದ ಮೆಣಸಿನಕಾಯಿ. ಆಯಿಯ ಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಅಪ್ಪ ಚಹಾದ ಲೋಟ ಹಿಡಿದು ಪಡಸಾಲೆಗೆ ಬಂದು ಎದುರಿನ ಕಂಬಕ್ಕೆ ಒರಗಿ ಕೂಡುತ್ತಿದ್ದ. ಒಂದೇ ಒಲೆಯಿದ್ದಾಗ ಅವರಿಬ್ಬರೂ ಇಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

"ಮಾಡಾಂವ ಇಲ್ಲದ ಏನರ ಆಗ್ತದೇನೋ? ಈ ರೊಟ್ಟಿ ತನ್ನ ತಾನ ಬಡ್ಕೊಂಡದೇನು?"

"ರೊಟ್ಟಿ ನೀ ಬಡದಿ, ಖರೆ. ಜೋಳ ಯಾರು ಬಡದ್ರು? ಅದು ತಾನ ಬೆಳೀತದಲ್ಲ?"

"ಅದನ್ನ ಶಿವ ಬೆಳಸ್ತಾನ."

"ಶಿವನ್ನ ಯಾರು ಬೆಳಸ್ಯಾರ?"

"ಅಂವ ತಾನ ಅದಾನ."

"ಹಂಗಿದ್ರ ಜೋಳನೂ ತಾನ ಅದ ಅಂತ ಅನ್ನೋದಕ್ಕ ನಿನಗೇನು ತ್ರಾಸು?"

ಆಯಿ ರೊಟ್ಟಿ ತಿರುವಿ ಹಾಕಿ ಯೋಚಿಸುತ್ತಿದ್ದಳು. ಸೋತೆ ಎಂದು ಎಂದೂ ಒಪ್ಪಿದವಳಲ್ಲ. ಒಮ್ಮೆ ಅಪ್ಪ ಕಣ್ಣಿನ ಮಾತು ತೆಗೆದ. ಕಣ್ಣಿನಂಥ ನಾಜೂಕು ವಸ್ತುವನ್ನು ದೇವರಲ್ಲದೆ ಯಾರು ಮಾಡಿಯಾರು ಎಂದು ಆಯಿ ಕೇಳಿದ್ದಳು.

"ಅಷ್ಟು ಚಂದ ಮಾಡಿದಾಂವ ನಿನ್ನ ಕಣ್ಣಾಗ ಪೊರಿ ಯಾಕ ತಂದ?"

"ನಿನ್ನ ಬೋಳು ಕೊರಳು ನನಗ ಕಾಣಬಾರದಂತ."

ಆವತ್ತು ಅಪ್ಪ ಚಹಾ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ಆಯಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಇದೆಲ್ಲ ಆಟವೆಂದೇ ನಾನು ತಿಳಿದಿದ್ದೆ. ಆಟವಲ್ಲ ಎಂದು ಗೊತ್ತಾದದ್ದು ಆಯಿ ಗಡುವು ಕೊಟ್ಟಾಗ.

"ಕಾಲುವಿ ನೀರು ಬರೋತನಕ ನೋಡ್ತೀನಿ ಚನ್ನಪ್ಪ. ಅಷ್ಟರಾಗ ಲಿಂಗ ಕಟ್ಕೊಂಡಿ, ಚಲೋ. ಇಲ್ಲಂದ್ರ ವಡಗೇರಾಕ್ಕ ಮಗಳ ಮನಿಗಿ ಹೋಗ್ತೀನಿ. ತಿರುಗಿ ಬರಂಗಿಲ್ಲ."

ನಮ್ಮ ಕಡೆ ಆಗ ಯಾವ ಕೆಲಸವನ್ನಾದರೂ ಮುಂದೂಡಬೇಕೆಂದರೆ ಕಾಲುವೆ ಬರಲಿ ಎನ್ನುತ್ತಿದ್ದರು. ಮನೆ ರಿಪೇರಿ, ಹುಡುಗಿಯ ಮದುವೆ, ಬಾವಿಯ ಹೂಳು, ಎಲ್ಲವೂ ಕಾಲುವೆ ಬಂದ ಮೇಲೆಯೇ. ಕೃಷ್ಣಾ ನದಿಯಿಂದ ನಮ್ಮೂರಿಗೆ ಬರಬೇಕಿದ್ದ ಆ ಕಾಲುವೆ ನಾನು ಹುಟ್ಟುವ ಮೊದಲಿನಿಂದ ಬರುತ್ತಲೇ ಇತ್ತು. ಹಾಗಾಗಿ ಅಪ್ಪ ಆಗಲಿ ಎಂದು ತಲೆಯಾಡಿಸಿ ಸಾಲೆಗೆ ಹೋದ. ನನಗೆ ಮಾತ್ರ ಅವತ್ತಿನಿಂದ ಹೆದರಿಕೆ ಹಿಡಿಯಿತು. ಆಯಿ ಇಲ್ಲದ ಪಡಸಾಲೆಯಲ್ಲಿ ಅಪ್ಪ ಯಾರ ಎದುರು ಚಹಾ ಕುಡಿದಾನು ಎಂದು ನಾನು ಯೋಚಿಸುತ್ತಿದ್ದೆ. ಕಾಲುವೆ ಬೇಗ ಬರಲೆಂದು ಊರೆಲ್ಲ ಹರಕೆ ಹೊರುತ್ತಿದ್ದಾಗ, ಬಾರದಿರಲೆಂದು ಬೇಡಿಕೊಂಡವಳು ಬಹುಶಃ ನಾನೊಬ್ಬಳೇ. ಯಾರನ್ನು ಬೇಡಿಕೊಂಡೆ ಎಂಬುದನ್ನು ಅಪ್ಪನಿಗೆ ಹೇಳಲಿಲ್ಲ.

ಆ ದಿನಗಳಲ್ಲೇ ಸುರಪುರದ ಕಡೆ ಕಾಲುವೆ ಅಗೆಯುವಲ್ಲಿಗೆ ಅಪ್ಪ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದ. ಆಳವಾಗಿ ಕಡಿದ ದಡದಲ್ಲಿ ಮೇಲೆ ಎರೆಮಣ್ಣು, ಅದರ ಕೆಳಗೆ ಬಿಳಿಯ ಗರಸು, ಅದರ ಕೆಳಗೆ ಬೂದುಬಣ್ಣದ ಕಲ್ಲು, ಒಂದರ ಮೇಲೊಂದು ಹಾಸಿದ ಕೌದಿಗಳ ಹಾಗೆ ಕಾಣುತ್ತಿದ್ದವು. ಹಾರೆಯವರು ಒಡೆದು ಹಾಕಿದ್ದ ಬೂದು ಕಲ್ಲುಗಳಲ್ಲಿ ಅಪ್ಪ ಬಹಳ ಹೊತ್ತು ಹುಡುಕಿ ಒಂದನ್ನು ಎತ್ತಿದ. ಅದರ ಮೈಮೇಲೆ ಉಗುರಿನಷ್ಟು ದೊಡ್ಡ ಸುರುಳಿ. ಬಸವನಹುಳದ ಚಿಪ್ಪು, ಕಲ್ಲಾಗಿ ಹೋಗಿದೆ, ಇಲ್ಲಿ ಒಂದು ಕಾಲಕ್ಕೆ ಕೆರೆಯಿತ್ತು, ಆಗ ಮನುಷ್ಯರೇ ಇರಲಿಲ್ಲ ಎಂದು ಹೇಳಿದ. ನೀರು ಬಂದರೆ ಈ ದಡ ಮುಚ್ಚಿಹೋಗುತ್ತದೆ, ಈಗಲೇ ನೋಡಿಕೋ ಎಂದ. ಬಿಸಿಲಲ್ಲಿ ಎರೆನೆಲ ಬಿರಿದು ಬಾಯಿ ತೆರೆದಿದ್ದ ಆ ಜಾಗದಲ್ಲಿ ಕೆರೆಯೊಂದನ್ನು ಕಲ್ಪಿಸಿಕೊಂಡು ನನಗೆ ಮೈ ಜುಮ್ಮೆಂದಿತು. ಆಯಿ ಪೂಜೆಗೆ ಕೂತಾಗ ಆಕೆಯ ಮುಖದಲ್ಲಿ ಏನೋ ಕಾಣುತ್ತಿತ್ತಲ್ಲ, ಅದನ್ನೇ ನಾನು ಅವತ್ತು ಅಪ್ಪನ ಮುಖದಲ್ಲೂ ಕಂಡೆ. ಕಲ್ಲನ್ನು ಮನೆಗೆ ತಂದು ಕಿಟಕಿಯಲ್ಲಿಟ್ಟ. ಮರುದಿನ ಅದು ದೇವರ ಜಗಲಿಯ ಮೇಲಿತ್ತು, ಮೈತುಂಬ ವಿಭೂತಿ, ಮೇಲೊಂದು ಕಣಗಿಲೆ ಹೂವು.

"ಯವ್ವಾ, ಅದು ಹುಳ!"

"ಇರಲಿ. ಎಷ್ಟು ವರ್ಷದ್ದಂದಿ?"

"ಕೋಟಿ ವರ್ಷ ದಾಟ್ಯಾವ."

"ಅಷ್ಟು ವರ್ಷ ಕುಂತಲ್ಲೇ ಕುಂತು ತಪಸ್ಸು ಮಾಡ್ಯಾದ. ನೀ ಒಂದು ತಾಸು ಸುಮ್ಮ ಕುಂತು ತೋರಸು ನೋಡೋಣ."

ಅಪ್ಪ ಸುಮ್ಮನೆ ಕೂಡಲಿಲ್ಲ. ಸಾಲೆಯ ಹುಡುಗರಿಗೆ ತೋರಿಸಬೇಕೆಂದು ಆ ಕಲ್ಲನ್ನು ಎತ್ತಿಕೊಂಡು ಹೋದ. ಆಯಿ ಅದಕ್ಕೆ ಬೇಡವೆನ್ನಲಿಲ್ಲ. ವಿಭೂತಿ ಒರೆಸಬೇಡ ಎಂದಷ್ಟೇ ಹೇಳಿದಳು.

ಕೊನೆಗೆ ಕಾಲುವೆ ನಿಜವಾಗಿಯೂ ಬಂತು. ಊರ ಹೊರಗಿನ ಕಾಲುವೆಯಲ್ಲಿ ಕೆಸರುಬಣ್ಣದ ನೀರು ಬಂದು ಎರಡೇ ದಿನಕ್ಕೆ ದಡದಿಂದ ದಡಕ್ಕೆ ತುಂಬಿಕೊಂಡಿತು. ಆಯಿ ತನ್ನ ಟ್ರಂಕಿಗೆ ಸೀರೆ ಮಡಚಿಡತೊಡಗಿದಳು. ಹೋಗುವ ಮೊದಲು ಒಂದೇ ಆಸೆ ಎಂದಳು. ತಿಂಥಣಿಗೆ ಹೋದಾಗೆಲ್ಲ ಆಕೆ ಕೃಷ್ಣೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಲಿಂಗಕ್ಕೆ ನೀರೆರೆಯುತ್ತಿದ್ದಳು. ಈಗ ಆ ಕೃಷ್ಣೆಯೇ ನಮ್ಮ ಬಾಗಿಲಿಗೆ ಬಂದಿರುವಾಗ ಇಲ್ಲಿಯೇ ಒಮ್ಮೆ ಪೂಜೆ ಮಾಡಬೇಕು. ಅಪ್ಪ ಅಣೆಕಟ್ಟು, ಇಳಿಜಾರು, ಗೇಟು ಎಂದು ಏನೋ ಹೇಳಹೋಗಿ, ಟ್ರಂಕು ನೋಡಿ ಆಗಲಿ ಎಂದ. ಅವತ್ತು ಸಾಲೆಗೆ ಸೂಟಿ. ಬೆಳಿಗ್ಗೆ ನಾವು ಮೂವರೂ ಹೋದೆವು, ಆಯಿ, ಅಪ್ಪ, ನಾನು.

ನಮ್ಮದು ಒಣ ನೆಲದ ಬದುಕು. ನಮಗೆ ಗೊತ್ತಿದ್ದ ನೀರು ಎರಡೇ, ಮೆಟ್ಟಿಲಿರುವ ಬಾವಿ, ಸ್ನಾನಘಟ್ಟವಿರುವ ಹೊಳೆ. ಎರಡರಲ್ಲೂ ಇಳಿದವರು ಹತ್ತಿ ಬರುತ್ತಾರೆ. ಕಾಲುವೆಯ ಬದಿಗೆ ಹಾಕಿದ್ದ ನುಣುಪಾದ ಸಿಮೆಂಟಿನ ಇಳಿಜಾರನ್ನು ಕಂಡು, ಸರಕಾರದವರು ಹೆಣ್ಣುಮಕ್ಕಳಿಗೆಂದು ಘಟ್ಟ ಕಟ್ಟಿಸಿದ್ದಾರೆ ಎಂದು ಆಯಿ ಮೆಚ್ಚಿಕೊಂಡಳು. ಮೂರು ಹೆಜ್ಜೆ ಇಳಿದು ಕುಕ್ಕರಗಾಲಿನಲ್ಲಿ ಕೂತಳು. ಎಡ ಅಂಗೈಯಲ್ಲಿ ಲಿಂಗವಿಟ್ಟು, ನಾನು ತುಂಬಿಕೊಟ್ಟಿದ್ದ ತಂಬಿಗೆಯಿಂದ ನೀರೆರೆದಳು. ಒದ್ದೆ ಅಂಗೈಯಿಂದ ಲಿಂಗ ಜಾರಿತು. ಇಳಿಜಾರಿನಲ್ಲಿ ಉರುಳುತ್ತ ಹೋಗಿ ನೀರಂಚಿನಲ್ಲಿ, ಸಿಮೆಂಟಿನ ಎರಡು ಹಾಸುಗಳ ನಡುವಿನ ಸಂದಿಗೆ ಸಿಕ್ಕಿ ನಿಂತಿತು. ಕಪ್ಪನೆಯ, ಅಡಕೆಗಿಂತ ತುಸು ದೊಡ್ಡ ಲಿಂಗ. ಆಯಿ ಅದರ ಹಿಂದೆಯೇ ಹೊರಟಳು. ಅಪ್ಪ ರಟ್ಟೆ ಹಿಡಿದು ಎಳೆದ.

"ನೀ ನಿಂದ್ರು. ನಾ ತರ್ತೀನಿ."

ಅಪ್ಪ ಕೂತುಕೊಂಡೇ ಜಾರುತ್ತ ಇಳಿದ. ಕೈಚಾಚಿದ. ಲಿಂಗ ಮುಷ್ಟಿಗೆ ಬಂತು. ತಿರುಗಿ ನಮ್ಮ ಕಡೆ ನೋಡಿ ನಕ್ಕ.

"ಸಿಕ್ತು ನೋಡವ್ವಾ ನಿನ್ನ..."

ಕಾಲಡಿಯ ಕೆಸರು ಸರಿಯಿತು. ಆ ಮಾತು ಮುಗಿಯುವ ಮೊದಲೇ ಅಪ್ಪ ನೀರಿನಲ್ಲಿದ್ದ.

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಗೊತ್ತಿಲ್ಲ. ಕಾಲೇಜಿನ ಪರೀಕ್ಷೆಯ ನಡುವೆ ಪೆನ್ನು ಹಿಡಿದು ಹಾಗೇ ಕೂತದ್ದಿದೆ. ಈಗಲೂ ತೊಳೆದ ಸಿಮೆಂಟು ನೆಲದ ಮುಂದೆ ನನ್ನ ಕಾಲು ತಾನೇ ತಡೆಯುತ್ತದೆ. ಅಪ್ಪನಿಗೆ ಈಜು ಬರುತ್ತಿತ್ತು, ಆದರೆ ಅದು ಬಾವಿಯ ಈಜು. ನೀರು ಅವನನ್ನು ಬದಿಗೆ ತರುತ್ತಿತ್ತು, ಅವನು ಬಲಗೈ ಚಾಚಿ ಇಳಿಜಾರನ್ನು ಹಿಡಿಯಲು ನೋಡುತ್ತಿದ್ದ, ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಐದು ಬೆರಳುಗಳು ಹಸಿ ಕೆಸರಿನ ಮೇಲೆ ಐದು ಗೆರೆ ಎಳೆಯುತ್ತ ಹೋಗುವುದನ್ನು ನೋಡುತ್ತ ನಾನು ದಡದಗುಂಟ ಓಡಿದೆ. ಮುಂದೆ ಒಂದು ಸಣ್ಣ ಸೇತುವೆ. ಅದರಾಚೆ ನೀರು ರಸ್ತೆಯ ಕೆಳಗಿನ ಕೊಳವೆಗೆ ಇಳಿಯುತ್ತಿತ್ತು. ಅದರೊಳಗೆ ಹೋದ ಎಮ್ಮೆಯೊಂದು ಹಿಂದಿನ ದಿನ ಇನ್ನೊಂದು ಬದಿಗೆ ಎಂಥ ಹೆಣವಾಗಿ ಬಂದಿತೆಂದು ಊರೆಲ್ಲ ಮಾತಾಡಿತ್ತು. ನನ್ನ ಕಾಲು ಸೇತುವೆಗೆ ಎಷ್ಟು ಹೆಜ್ಜೆ ಎಂದು ಅಳೆಯುತ್ತಿತ್ತು. ನನ್ನ ಬಾಯಿ ಶಿವ ಶಿವ ಎನ್ನುತ್ತಿತ್ತು. ಒಂದು ಇನ್ನೊಂದನ್ನು ತಡೆಯಲಿಲ್ಲ.

ಸೇತುವೆಯ ಮೇಲೆ ಕಾಲುವೆಯ ಗೇಟು ಕಾಯುವ ಲಷ್ಕರ್ ಹುಸೇನ್‌ಸಾಬ ಬೀಡಿ ಸೇದುತ್ತ ಕೂತಿದ್ದ. ನನ್ನ ಕೂಗು ಕೇಳಿದ್ದೇ, ಅಲ್ಲಿ ನಿಂತಿದ್ದ ಬಂಡಿಯ ಹಗ್ಗ ಬಿಚ್ಚಿ ನೀರಿಗೆಸೆದ. ಅಪ್ಪನ ಬಲಗೈಗೆ ಹಗ್ಗ ಸಿಕ್ಕಿತು. ನೀರು ಅವನನ್ನು ಸೇತುವೆಯ ಕೆಳಗೆ ಎಳೆಯುತ್ತಿತ್ತು, ಒಂದೇ ಕೈಯಲ್ಲಿ ಹಿಡಿದ ಹಗ್ಗ ಗೇಣು ಗೇಣಾಗಿ ಜಾರುತ್ತಿತ್ತು. ಎಡಗೈ ಮುಷ್ಟಿ ಕಟ್ಟಿಕೊಂಡು ನೀರಿನ ಮೇಲೆ ನಿಂತಿತ್ತು.

"ಮಾಸ್ತರ, ಎರಡೂ ಕೈಲೆ ಹಿಡೀರಿ! ಒಂದು ಕೈಲೆ ನಿಂದ್ರಂಗಿಲ್ಲರಿ! ಎರಡೂ ಕೈಲೆ!"

ಅಷ್ಟರಲ್ಲಿ ಆಯಿ ಬಂದಳು. ಎಪ್ಪತ್ತು ದಾಟಿದ ಹೆಂಗಸು ಹೇಗೆ ಓಡಿದಳೋ, ಸೆರಗು ನೆಲಕ್ಕೆ, ಕೂದಲು ಬಿಚ್ಚಿ. ಸೇತುವೆಯ ಕಟ್ಟೆಗೆ ಹೊಟ್ಟೆಯೂರಿ ಬಗ್ಗಿದಳು.

"ಬಿಡೋ ಚನ್ನಪ್ಪ ಅದನ್ನ! ಕಲ್ಲದು! ಬರೇ ಕಲ್ಲದು, ಬಿಡು!"

ಅಪ್ಪ ತಲೆಯೆತ್ತಿ ಆಕೆಯನ್ನು ನೋಡಿದ. ಎರಡು ಉಸಿರಿನ ಹೊತ್ತು ನೋಡಿರಬೇಕು. ಆಮೇಲೆ ಮುಷ್ಟಿಯನ್ನು ಬಾಯಿಗೆ ತಂದು, ಲಿಂಗವನ್ನು ಬಾಯೊಳಗಿಟ್ಟು, ಎಡಗೈಯನ್ನೂ ಹಗ್ಗಕ್ಕೆ ಕೊಟ್ಟ. ಹುಸೇನ್‌ಸಾಬ ಮತ್ತು ಬಂಡಿಯವನು ಎಳೆದರು. ಆಯಿಯೂ ಎಳೆದಳು. ನಾನು ಆಯಿಯ ಸೀರೆ ಹಿಡಿದು ಎಳೆದೆ.

ದಡದ ಮೇಲೆ ಮಲಗಿಸಿದರೆ ಅಪ್ಪ ಮಾತಾಡಲೊಲ್ಲ. ಕೆನ್ನೆ ಉಬ್ಬಿದೆ, ಕಣ್ಣು ಬಿಟ್ಟಿದೆ, ಮಾತಿಲ್ಲ. ನೀರು ತಲೆಗೇರಿದೆ ಎಂದು ಬಂಡಿಯವನು ಅಪ್ಪನ ಕಾಲೆತ್ತಿ ತಲೆಕೆಳಗೆ ಮಾಡಹೋದ. ಆಗ ಅಪ್ಪ ಕೈಯಾಡಿಸಿ ತಡೆದು, ಎದ್ದು ಕೂತು, ಬಾಯಿಂದ ಲಿಂಗ ತೆಗೆದು ಆಯಿಯ ಅಂಗೈಯಲ್ಲಿಟ್ಟ.

"ಹತ್ತು ವರ್ಷದಿಂದ ನೋಡಾಕತ್ತೀನಿ ಮಾಸ್ತರ," ಎಂದ ಹುಸೇನ್‌ಸಾಬ, "ನಿಮ್ಮ ಬಾಯಿ ಬಂದ್ ಆಗಿದ್ದು ಇವತ್ತ ನೋಡಿದ್ದು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಹಲ್ಲು ಕಟಕಟಿಸುತ್ತ. ಆಯಿ ನಗಲಿಲ್ಲ. ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡೆದಳು.

ಮನೆಗೆ ಬಂದವಳು ಲಿಂಗವನ್ನು ಜಗಲಿಯ ಮೇಲಿಟ್ಟು ಎದುರಿಗೆ ಕೂತಳು. ಪೂಜೆ ಮಾಡಲಿಲ್ಲ. ಪೂಜೆಯಿಲ್ಲದೆ ಊಟವಿಲ್ಲ, ನೀರೂ ಇಲ್ಲ. ಅವತ್ತಿಡೀ ಹಾಗೇ. ಮರುದಿನ ಬೆಳಿಗ್ಗೆಯೂ ಪಡಸಾಲೆಯ ಒಲೆಯಲ್ಲಿ ಬೂದಿ ತಣ್ಣಗಿತ್ತು. ವಡಗೇರಾದ ಮಾತೂ ಇಲ್ಲ. ತುಟಿ ಒಣಗಿ ಬಿರಿದಿದ್ದವು. ನೀರಿನಿಂದ ಒಬ್ಬರನ್ನು ಎಳೆದುಕೊಂಡು ಬಂದು, ನೀರಿಲ್ಲದೆ ಇನ್ನೊಬ್ಬರನ್ನು ಕಳೆದುಕೊಳ್ಳುತ್ತೇವೆಯೇ ಎಂದು ಅವ್ವ ಅಳತೊಡಗಿದಳು.

"ನೀವು ಬಾಯಾಗ ಇಟ್ಕೊಂಡ್ರಿ, ಅದಕ್ಕ ಹಿಂಗ ಕುಂತಾರ. ಎಂಜಲಾತಲ್ಲ. ಮಠದ ಅಯ್ನೋರನ್ನ ಕರಕೊಂಬರ್ರಿ, ಶುದ್ಧ ಮಾಡಿ ಕಟ್ಟಲಿ."

ಅಪ್ಪ ಆಯಿಯ ಎದುರು ಹೋಗಿ ಕೂತ. ನಾನು ಅವನ ಹಿಂದೆ ನಿಂತೆ.

"ಯವ್ವಾ, ಎಂಜಲಾತಂತ ಕುಂತಿ ಏನು?"

"ಎಂಜಲಾ? ನಿನ್ನ ಎಂಜಲ ಉಂಡೇ ನಿನ್ನ ದೊಡ್ಡಾಂವನ್ನ ಮಾಡೀನಿ. ಅದಕ್ಕಲ್ಲ."

"ಮತ್ತ್ಯಾಕ?"

ಆಯಿ ಲಿಂಗದ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಹೇಳಿದಳು.

"ನಾ ಅದಕ್ಕ ಕಲ್ಲಂದೆ. ಇಷ್ಟು ವರ್ಷ ಅಂಗೈಯಾಗ ಇಟ್ಕೊಂಡು ಶಿವ ಅಂದೆ, ಒಂದು ಹೊತ್ತು ಬಂದಾಗ ಕಲ್ಲಂದೆ. ಇನ್ನ ಯಾವ ಮಾರಿ ತಗೊಂಡು ಮುಟ್ಟಲಿ?"

ಅಪ್ಪ ಇಷ್ಟು ದಿನ ಆ ಕಂಬಕ್ಕೆ ಒರಗಿ ವಾದಿಸುತ್ತಿದ್ದದ್ದು ಇದೊಂದೇ ಮಾತಿಗಾಗಿ. ಈಗ ಅದು ಆಕೆಯ ಬಾಯಿಂದಲೇ ಬಂದು ಇಬ್ಬರ ನಡುವೆ ಬಿದ್ದಿತ್ತು. ಎತ್ತಿಕೊಂಡರೆ ಗೆದ್ದಂತೆ. ಅಪ್ಪ ಕಿವಿಯೊಳಗೆ ಕಿರುಬೆರಳು ಹಾಕಿ ಅಲುಗಾಡಿಸಿದ.

"ಯಾವಾಗ ಅಂದಿ? ನನಗೇನೂ ಕೇಳಿಲ್ಲಬೇ. ಕಿವ್ಯಾಗ ಅಷ್ಟೂ ನೀರು. ಇನ್ನಾ ಹೋಗಿಲ್ಲ ನೋಡು."

ಆಯಿ ನನ್ನ ಕಡೆ ತಿರುಗಿದಳು.

"ಗಿರ್ಜವ್ವಾ, ನೀ ಬಾಜೂಕ ಇದ್ದಿ. ನಾ ಏನಂದೆ?"

ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಹೇಳಬೇಕು, ಒಂದು ಅಕ್ಷರ ಹೆಚ್ಚಲ್ಲ, ಕಮ್ಮಿಯಲ್ಲ ಎಂದು ನನಗೆ ಕಲಿಸಿದವನು ಅಪ್ಪ. ನಾನು ಅವನ ಮುಖ ನೋಡಿದೆ. ಅವನು ಕಿವಿಯಲ್ಲಿ ಬೆರಳಿಟ್ಟುಕೊಂಡೇ ನನ್ನನ್ನು ನೋಡುತ್ತಿದ್ದ.

"ಶಿವಾ ಶಿವಾ ಅಂದಿ ಆಯಿ," ಎಂದೆ. "ಬ್ಯಾರೆ ಏನೂ ಅನ್ನಲಿಲ್ಲ."

ಆಯಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಆ ಪೊರೆಗಣ್ಣಿಗೆ ಏನು ಕಂಡಿತೋ.

"ಅಪ್ಪಗೂ ಬರಂಗಿಲ್ಲ, ಮಗಳಿಗೂ ಬರಂಗಿಲ್ಲ, ಸುಳ್ಳು ಹೇಳಾಕ," ಎಂದಳು.

ಆಮೇಲೆ ಜಗಲಿಯಿಂದ ಲಿಂಗ ತೆಗೆದುಕೊಂಡು ಎಡ ಅಂಗೈಯಲ್ಲಿಟ್ಟಳು. ತಂಬಿಗೆಯನ್ನು ಅಪ್ಪನ ಕಡೆ ನೂಕಿದಳು.

"ನೀ ಹಾಕು ನೀರು."

ಅಪ್ಪ ತಂಬಿಗೆ ಎತ್ತಿದ. ಲಿಂಗದ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ನೀರು ಆಯಿಯ ಸೀರೆಯ ಮೇಲೆ ಬಿತ್ತು.

"ಸೈನ್ಸ್ ಮಾಸ್ತರ ಅಂತ ಮಾಸ್ತರ, ಬರೋಬರಿ ನೀರು ಹಾಕಾಕ ಬರಂಗಿಲ್ಲ," ಎಂದು ಬೈದು, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಆಯಿ ಅಡುಗೆಮನೆಯ ಕಡೆ ಕುತ್ತಿಗೆ ಚಾಚಿ ಅವ್ವನನ್ನು ಕೂಗಿದಳು.

"ಏನವ್ವಾ, ಅಳೋದು ಮುಗದಿದ್ರ ನನಗೂ ಎರಡು ರೊಟ್ಟಿ ಬಡಿ."